ಗಗನಾಳ ಅಳತೆ

ಶ್ಯಾಮಸುಂದರನನ್ನು ಇದುವರೆಗೆ ಯಾವ ಅಂಗಡಿಯವನೂ ಯಾಮಾರಿಸಿರಲಿಲ್ಲ. ಈ ಮಾತನ್ನು ಅವನೇ ಹೇಳಿಕೊಂಡು ತಿರುಗುತ್ತಿದ್ದನಾದರೂ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪೀಣ್ಯದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ಕೂತವನು ಅವನು. ಬೋಲ್ಟು, ಬೇರಿಂಗು, ಎಣ್ಣೆ ಡ್ರಮ್ಮು, ಏನೇ ತಂದು ಮುಂದಿಟ್ಟರೂ ಒಂದು ಸಲ ಕೈಯಲ್ಲಿ ತೂಗಿ ನೋಡಿ, "ಇದು ನಡೆಯಲ್ಲ, ವಾಪಸ್ ತಗೊಂಡ್ಹೋಗಿ" ಎಂದುಬಿಡುತ್ತಿದ್ದ. ಮಾರಲು ಬಂದವರು ಅವನ ಮೇಜಿನ ಮುಂದೆ ಕೂರುವಾಗಲೇ ಅರ್ಧ ಸೋತಿರುತ್ತಿದ್ದರು.

ಮನೆಯ ಖರೀದಿಗೂ ಅವನದು ಒಂದೇ ಸೂತ್ರ: ಕೊಂಡದ್ದು ಮುಂದಕ್ಕೂ ಆಗಬೇಕು. ಬಸವೇಶ್ವರನಗರದಲ್ಲಿ ಅವನು ಕಟ್ಟಿಸಿದ ಮನೆಯ ತಾರಸಿಯ ಮೇಲೆ, ಎಂದೋ ಏಳಲಿರುವ ಎರಡನೇ ಮಹಡಿಗಾಗಿ, ಹದಿನೆಂಟು ವರ್ಷದಿಂದ ಕಂಬಗಳ ಕಬ್ಬಿಣದ ಸರಳುಗಳು ತುಕ್ಕು ಹಿಡಿಯುತ್ತಾ ನಿಂತಿದ್ದವು. ಮಗಳು ಗಗನಾಗೆ ಐದು ತುಂಬಿದಾಗ ಕೊಡಿಸಿದ ಸೈಕಲ್ಲಿನ ಪೆಡಲು ಅವಳ ಕಾಲಿಗೆ ಎಟುಕಿದ್ದು ಎಂಟು ತುಂಬಿದ ಮೇಲೆ. ಸ್ಕೂಲ್ ಶೂ ಎಂದರೆ ಎರಡು ನಂಬರ್ ದೊಡ್ಡದು, ಮುಂದೆ ತುರುಕಲು ಒಂದಿಷ್ಟು ಹತ್ತಿ. "ಬೆಳೆಯೋ ಮಗು, ಸ್ವಲ್ಪ ದೊಡ್ಡದೇ ಇರ್ಲಿ" ಎಂದು ಅವನು ಹೇಳಿದರೆ ಅಂಗಡಿಯವನೂ ಹೌದೆಂದು ತಲೆಯಾಡಿಸುತ್ತಿದ್ದ. ಇದಕ್ಕೆ ಅವನೊಬ್ಬನನ್ನೇ ಬೈದು ಏನು ಪ್ರಯೋಜನ? ನಮ್ಮಲ್ಲಿ ಯಾವ ಅಪ್ಪ ಮಗುವಿಗೆ ಆಯಾ ವರ್ಷದ ಅಳತೆಯದನ್ನು ಕೊಡಿಸಿದ್ದಾನೆ?

ಗಾಲ್ಫ್ ಆ ಮನೆಗೆ ಬಂದದ್ದೂ ಹೀಗೆಯೇ, ಅಳತೆ ನೋಡದೆ. ಕಾರ್ಖಾನೆಗೆ ಬಂದಿದ್ದ ಜಪಾನಿನ ಎಂಜಿನಿಯರ್ ಒಬ್ಬ ಊರಿಗೆ ಮರಳುವಾಗ ತನ್ನ ಗಾಲ್ಫ್ ಬ್ಯಾಗನ್ನು ಆಫೀಸಿನಲ್ಲೇ ಬಿಟ್ಟುಹೋದ. ಯಾರಿಗೂ ಬೇಡವಾಗಿ ಮೂಲೆಯಲ್ಲಿದ್ದ ಅದನ್ನು ಶ್ಯಾಮಸುಂದರ ಮನೆಗೆ ತಂದ. ಆಗ ಗಗನಾಗೆ ಹನ್ನೊಂದು ವರ್ಷ. ತಾರಸಿಯ ಸರಳುಗಳಿಗೆ ಹಳೆಯ ಸೊಳ್ಳೆಪರದೆ ಕಟ್ಟಿಕೊಂಡು ಪ್ಲಾಸ್ಟಿಕ್ ಚೆಂಡು ಹೊಡೆಯಲು ಶುರುಮಾಡಿದಳು. ಮನೆಯಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಹುಡುಗಿ, ಕೋಲು ಹಿಡಿದರೆ ಬೇರೆಯೇ ಆಗುತ್ತಿದ್ದಳು. ಬೆನ್ನು ನೆಟ್ಟಗಾಗುತ್ತಿತ್ತು, ತುಟಿಯಲ್ಲಿ ಒಂದು ನಗು ಬರುತ್ತಿತ್ತು. ಅದನ್ನು ನೋಡಿಯೇ ಅವನು ಅವಳನ್ನು ಕೆಂಗೇರಿಯ ಆಚೆಗಿನ ಅಭ್ಯಾಸದ ಮೈದಾನದಲ್ಲಿ ರಂಜಿನಿ ಎಂಬ ಕೋಚ್ ಹತ್ತಿರ ಸೇರಿಸಿದ್ದು. ರಂಜಿನಿ ಮೊದಲ ದಿನವೇ, "ಇವು ಗಂಡಸರ ಸ್ಟಿಕ್ ಸಾರ್, ಕತ್ತರಿಸಿ ಚಿಕ್ಕದು ಮಾಡಿಸೋಣ್ವಾ?" ಎಂದು ಕೇಳಿದ್ದಳು. "ಬೇಡ ಮೇಡಂ, ಬೆಳೆಯೋ ಮಗು" ಎಂದಿದ್ದ ಶ್ಯಾಮಸುಂದರ.

ಐದು ವರ್ಷ ಕಳೆಯಿತು. ಗಗನಾ ಫಸ್ಟ್ ಪಿಯುಸಿಗೆ ಬಂದಳು. ಹದಿನೆಂಟು ಹೋಲ್‌ಗಳ ಮೈದಾನವನ್ನು ಎಂಬತ್ತನಾಲ್ಕು ಹೊಡೆತದಲ್ಲಿ ಮುಗಿಸುತ್ತಿದ್ದಳು. ಹೊಡೆತ ಕಡಿಮೆಯಾದಷ್ಟೂ ಆಟ ಮೇಲು, ಆದರೆ ಅದಕ್ಕಿಂತ ಕೆಳಗೆ ಇಳಿಯಲು ಆಗುತ್ತಿರಲಿಲ್ಲ. ರಾಜ್ಯದ ಜೂನಿಯರ್ ಹುಡುಗಿಯರ ತಂಡದ ಆಯ್ಕೆಗೆ ಮೂರು ತಿಂಗಳಿತ್ತು. ಇರುವುದು ಎಂಟೇ ಜಾಗ. ಎಂಬತ್ತರ ಆಸುಪಾಸಿಗೆ ಬಂದರೆ ಆಸೆ ಇಟ್ಟುಕೊಳ್ಳಬಹುದು ಎಂದಳು ರಂಜಿನಿ. "ಐರನ್ ಸೆಟ್ ಬದಲಾಯಿಸ್ಲೇಬೇಕು ಸಾರ್. ಮಾರೇನಹಳ್ಳಿಯಲ್ಲಿ ಉಗ್ರಪ್ಪ ಅಂತ ಇದಾರೆ. ಆಡೋರ ಕೈ ನೋಡಿ ಯಾವ ಸ್ಟಿಕ್ ಅಂತ ಹೇಳ್ತಾರೆ. ಒಂದ್ಸಲ ಕರ್ಕೊಂಡು ಹೋಗಿ."

ಶ್ಯಾಮಸುಂದರ ಹೋಗಲಿಲ್ಲ. ಕೊಳ್ಳುವ ವಿಷಯದಲ್ಲಿ ಅವನಿಗೆ ಇನ್ನೊಬ್ಬರು ಹೇಳುವುದೇ? ಹದಿನೈದು ದಿನ ಲ್ಯಾಪ್‌ಟಾಪ್ ಮುಂದೆ ಕೂತು ಓದಿದ. ಐರನ್ ಎಂಬ ಕಬ್ಬಿಣದ ತಲೆಯ ಕೋಲುಗಳಲ್ಲಿ ನಾನಾ ಜಾತಿ ಇದ್ದವು. ಬೆನ್ನು ಟೊಳ್ಳಾಗಿ ಅಡಿ ದಪ್ಪಗಿರುವವು ಹೊಸಬರಿಗೆ. ಬೆನ್ನು ಸಪಾಟಾಗಿ, ಅಲಗಿನ ಹಾಗೆ ತೆಳ್ಳಗಿರುವವು ಪಳಗಿದವರಿಗೆ. ದೊಡ್ಡ ಪಂದ್ಯ ಗೆದ್ದವರ ಕೈಯಲ್ಲಿ ಇರುತ್ತಿದ್ದದ್ದು ಹೆಚ್ಚಾಗಿ ಸಪಾಟು ಬೆನ್ನಿನವು. ಇನ್ನೇನು ಬೇಕು? ಇವತ್ತು ಹೊಸಬರದನ್ನು ಕೊಂಡು ನಾಳೆ ಪಳಗಿದ ಮೇಲೆ ಮತ್ತೆ ಕೊಳ್ಳುವುದು ಬುದ್ಧಿ ಇಲ್ಲದವರ ಕೆಲಸ. ಶಾಫ್ಟ್, ಅಂದರೆ ಕೋಲಿನ ದಂಡ, ಗಟ್ಟಿ ಉಕ್ಕಿನದಾಗಿರುವ, ಚಾಂಪಿಯನ್‌ಗಳು ಹಿಡಿಯುವ ಸೆಟ್ಟನ್ನೇ ತರಿಸಿದ. ಪೆಟ್ಟಿಗೆ ಬಿಚ್ಚಿದಾಗ ಗಗನಾಳ ಕಣ್ಣು ಅರಳಿತು. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು, ಸುಳ್ಳೇಕೆ ಹೇಳಬೇಕು.

ಮೊದಲ ದಿನ ಮೈದಾನಕ್ಕೆ ಅವನೂ ಹೋದ. ಮಗಳು ಹಿಡಿಯನ್ನು ಮೇಲಿನ ತುದಿಯಲ್ಲಿ ಹಿಡಿಯದೆ ಕೆಳಗೆ ಜಾರಿಸಿ ಹಿಡಿಯುವುದು ಕಣ್ಣಿಗೆ ಬಿತ್ತು. "ಪೂರ್ತಿ ಹಿಡ್ಕೊಳ್ಳೇ. ಇಂಥಾ ಸ್ಟಿಕ್ಕು ಕೊಡ್ಸಿದ್ರೆ ಅರ್ಧಕ್ಕೇ ಹಿಡಿಯೋದಾ?" ಎಂದ. ಗಗನಾ ಕೈಯನ್ನು ಮೇಲಕ್ಕೆ ಸರಿಸಿದಳು. ಅಂದಿನಿಂದ ಹಾಗೆಯೇ ಹಿಡಿದಳು.

ಎಂಬತ್ತನಾಲ್ಕು ಇದ್ದದ್ದು ತೊಂಬತ್ತಾಯಿತು. ಆಮೇಲೆ ತೊಂಬತ್ಮೂರು. ಮಣಿಕಟ್ಟಿಗೆ ಬ್ಯಾಂಡೇಜು ಬಂತು. "ಹೇಗಿದೆ ಪುಟ್ಟಿ ಹೊಸ ಸೆಟ್ಟು?" ಎಂದರೆ "ಚೆನ್ನಾಗಿದೆ ಅಪ್ಪ" ಎನ್ನುತ್ತಿದ್ದಳು. ಆಯ್ಕೆಗೆ ಐದು ವಾರ ಇದ್ದಾಗ ಒಂದು ಶನಿವಾರ ಬೆಳಿಗ್ಗೆ, ಅವನು ನಡುಮನೆಯಲ್ಲಿ ಪೇಪರ್ ಓದುತ್ತಿದ್ದಾಗ, ಅಡುಗೆಮನೆಯಿಂದ ಮಗಳ ಧ್ವನಿ ಕೇಳಿಸಿತು. ತಾಯಿ ಸೀತಾಗೆ ಹೇಳುತ್ತಿದ್ದಳು:

"ಅಮ್ಮ, ನಾನು ಟ್ರಯಲ್‌ಗೆ ಹೋಗಲ್ಲ. ನನಗೆ ಈ ಆಟ ಬರಲ್ಲ ಅಮ್ಮ. ಇಷ್ಟು ದಿನ ಬರುತ್ತೆ ಅಂದ್ಕೊಂಡಿದ್ದೆ. ಬಿಟ್ಬಿಡ್ತೀನಿ."

ಅವನು ಪೇಪರನ್ನು ಮಡಚಿ ಪಕ್ಕಕ್ಕಿಟ್ಟ. ಮಗಳು ತಂಡಕ್ಕೆ ಹೋಗದಿದ್ದರೆ ಅವನು ತಡೆದುಕೊಂಡಾನು. ಕೋಲು ಹಿಡಿದಾಗ ನೆಟ್ಟಗಾಗುವ ಆ ಬೆನ್ನು ಇನ್ನು ಮುಂದೆ ಇಲ್ಲವೇ ಇಲ್ಲ ಎಂದರೆ ತಡೆದುಕೊಳ್ಳಲಾರ. ಆದರೂ ತಪ್ಪು ಕೋಲಿನದಿರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ ನೋಡಿ. ಹುಡುಗಿ ಧೈರ್ಯಗೆಟ್ಟಿದ್ದಾಳೆ; ಸ್ಟಿಕ್ಕು ಸರಿಯಾಗಿಯೇ ಇದೆ ಎಂದು ಬಲ್ಲವನೊಬ್ಬನ ಬಾಯಲ್ಲಿ ಹೇಳಿಸಿಬಿಟ್ಟರೆ ಧೈರ್ಯ ತಾನಾಗಿ ಬರುತ್ತದೆ ಎಂದು ಲೆಕ್ಕ ಹಾಕಿದ. ಮಧ್ಯಾಹ್ನ ಊಟ ಮುಗಿಸಿ, ಹಳೆಯ ಬ್ಯಾಗು ಹೊಸ ಬ್ಯಾಗು ಎರಡನ್ನೂ ಕಾರಿಗೆ ಹಾಕಿ, ಮಗಳನ್ನು ಹೊರಡಿಸಿಕೊಂಡು ಮಾರೇನಹಳ್ಳಿಗೆ ಹೋದ.

ಉಗ್ರಪ್ಪನ ವರ್ಕ್‌ಶಾಪ್ ಎಂದರೆ ಮನೆಯ ಮುಂದಿನ ಶೀಟ್ ಹಾಕಿದ ಜಾಗ. ಒಂದು ಕಡೆ ವೈಸ್ ಬಿಗಿದ ಮೇಜು, ಕೊರೆಯುವ ಮಿಷನ್ನು, ಗೋಡೆಯುದ್ದಕ್ಕೂ ಒರಗಿಸಿದ ನೂರಾರು ಕೋಲು. ಇನ್ನೊಂದು ಕಡೆ ಚಾವಣಿಯಿಂದ ಇಳಿಬಿಟ್ಟ ದಪ್ಪ ಬಲೆ. ಅರವತ್ತೈದರ ಉಗ್ರಪ್ಪ ಹತ್ತನೇ ವಯಸ್ಸಿಗೇ ಗಾಲ್ಫ್ ಮೈದಾನದಲ್ಲಿ ಬ್ಯಾಗು ಹೊರಲು ಹೋದವನು. ಸೋಮವಾರ ಮೆಂಬರುಗಳಿಗೆ ರಜೆ, ಅವತ್ತು ಮಾತ್ರ ಬ್ಯಾಗು ಹೊರುವವರು ಆಡಬಹುದಿತ್ತು. ಯಾರೋ ಬಿಸಾಕಿದ, ಯಾರೋ ಮುರಿದ ಕೋಲುಗಳನ್ನು ಜೋಡಿಸಿಕೊಂಡು ಆಡಿ ಆಡಿ ಅವನು ಮೆಂಬರುಗಳಿಗಿಂತ ಚೆನ್ನಾಗಿ ಆಡುವುದನ್ನೂ, ಕೋಲಿನ ಒಳಹೊರಗನ್ನೂ ಕಲಿತಿದ್ದ.

"ಸೆಟ್ಟು ಸರಿಯಾಗಿದೆ ಅಂತ ನನಗೆ ಗೊತ್ತು. ಮಗಳಿಗೆ ನೀವೊಂದು ಮಾತು ಹೇಳಿದ್ರೆ ಸಾಕು" ಎಂದ ಶ್ಯಾಮಸುಂದರ, ಕೂರುವ ಮೊದಲೇ.

ಉಗ್ರಪ್ಪ ಹೊಸ ಬ್ಯಾಗಿನಿಂದ ಏಳನೇ ನಂಬರ್ ಐರನ್ ಎಳೆದು, ಹೊಳಪನ್ನು ನೋಡಿ ನಾಲಿಗೆ ಲೊಚಗುಟ್ಟಿದ. "ಮಾಲು ಭಾರಿ ಚೆನ್ನಾಗಿದೆ ಸಾರ್. ಇದಕ್ಕಿಂತ ಒಳ್ಳೇದು ಇಲ್ಲ."

ಶ್ಯಾಮಸುಂದರ ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದ. ಗಗನಾ ನೆಲ ನೋಡುತ್ತಿದ್ದಳು.

"ಆದ್ರೆ ಇದು ತುಂಬಾ ಸಿಟ್ಟಿನ ಸ್ಟಿಕ್ಕು" ಎಂದು ಉಗ್ರಪ್ಪ ಮುಂದುವರಿಸಿದ. "ತೂಕ ಎಲ್ಲಾ ನಡುಮಧ್ಯದಲ್ಲೇ ಇದೆ. ಅಲ್ಲಿಗೇ ಬಾಲು ಬಿದ್ರೆ ಬೆಣ್ಣೆ. ಅರ್ಧ ಇಂಚು ಆಕಡೆ ಈಕಡೆ ಆಯ್ತೋ, ಕೈ ಜುಮ್ ಅನ್ಸುತ್ತೆ. ಬೆನ್ನು ಟೊಳ್ಳಿರೋದು ಹಂಗಲ್ಲ. ತೂಕ ಅಂಚಿಗೆ ಹೋಗಿರುತ್ತೆ. ತಪ್ಪು ಹೊಡೆದ್ರೂ ಹೋಗ್ಲಿ ಬಿಡು ಅಂತ ಕ್ಷಮಿಸುತ್ತೆ."

"ಕ್ಷಮಿಸೋ ಸ್ಟಿಕ್ ಯಾಕೆ? ತಪ್ಪೇ ಮಾಡ್ಬಾರ್ದು" ಎಂದ ಶ್ಯಾಮಸುಂದರ.

ಉಗ್ರಪ್ಪ ಮನೆಯ ಬಾಗಿಲ ಕಡೆ ತಿರುಗಿ, "ಪಟಾಲಮ್ಮ, ಸುಣ್ಣ ಕೊಡೇ ಸ್ವಲ್ಪ" ಎಂದ. ಹೊಸ್ತಿಲ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ ಅವನ ಹೆಂಡತಿ ಸುಣ್ಣದ ಡಬ್ಬಿಯನ್ನು ಚಾಚಿದಳು. "ನಂಗೆ ಎಲೆಗೆ ಉಳಿಸು, ಎಲ್ಲಾ ಕಬ್ಬಿಣಕ್ಕೇ ಬಳೀಬೇಡ" ಎಂದಳು. ಉಗ್ರಪ್ಪ ಬೆರಳಿನಿಂದ ಸುಣ್ಣ ತೆಗೆದು ಐರನ್ನಿನ ಮುಖಕ್ಕೆ ತೆಳ್ಳಗೆ ಸವರಿ, ಒಣಗಲು ಬಿಟ್ಟು, ಗಗನಾಳ ಕೈಗೆ ಕೊಟ್ಟ. "ಹತ್ತು ಹೊಡಿಯವ್ವ. ಬಾಲು ಎಲ್ಲಿ ತಾಗುತ್ತೋ ಅಲ್ಲಿ ಸುಣ್ಣ ಹೋಗಿರುತ್ತೆ. ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ."

ಗಗನಾ ಹತ್ತು ಹೊಡೆದಳು. ಗುರುತು ಎಲ್ಲೆಲ್ಲೋ ಚೆಲ್ಲಿತ್ತು. ಅರ್ಧಕ್ಕರ್ಧ ಶಾಫ್ಟ್ ಸೇರುವ ಬುಡದ ಕಡೆಗೇ ಇತ್ತು. ಪ್ರತಿ ಹೊಡೆತಕ್ಕೂ ಅವಳ ಮುಖ ಸಣ್ಣಗೆ ಕಿವುಚಿಕೊಳ್ಳುತ್ತಿತ್ತು.

"ನೋಡಿದ್ಯಾ? ಅಭ್ಯಾಸ ಸಾಲ್ದು" ಎಂದ ಶ್ಯಾಮಸುಂದರ.

ಉಗ್ರಪ್ಪ ಗೋಡೆಯಿಂದ ಬೇರೊಂದು ಐರನ್ ತಂದ. ಅಡಿ ದಪ್ಪ, ಬೆನ್ನು ಟೊಳ್ಳು, ಉದ್ದವೂ ಕಡಿಮೆ. ಹೊಸದಾಗಿ ಕಲಿಯುವ ಹೆಂಗಸರದು. ಮತ್ತೆ ಸುಣ್ಣ, ಮತ್ತೆ ಹತ್ತು. ಈ ಸಲ ಹತ್ತೂ ಗುರುತು ನಡುವಿನ ನಾಲ್ಕಾಣೆ ಅಗಲದಲ್ಲಿ ಒಂದರ ಮೇಲೊಂದು ಬಿದ್ದಿದ್ದವು. ಆದರೆ ಚೆಂಡು ಪ್ರತಿ ಸಲವೂ ಬಲೆಯ ಮೇಲಂಚಿಗೆ ಹೋಗಿ ಬಡಿಯುತ್ತಿತ್ತು. ಉಗ್ರಪ್ಪ ತಲೆ ಕೆರೆದುಕೊಂಡ. "ನಾನು ಅಂದ್ಕೊಂಡಿದ್ದು ತಪ್ಪಾಯ್ತಲ್ಲ. ಇದೂ ನಿನ್ನದಲ್ಲ ಕಣವ್ವ. ಇದು ಬಾಲ್ ಎತ್ತೋಕೆ ಬರದೇ ಇರೋರಿಗೆ. ನಿನಗೆ ಎತ್ತೋಕೂ ಗೊತ್ತು, ಇಳಿಸೋಕೂ ಗೊತ್ತು. ಇದು ನಿನ್ನ ಮಾತು ಕೇಳಲ್ಲ." ಮೂರನೆಯದನ್ನು ತಂದ. ಬೆನ್ನು ಸ್ವಲ್ಪವೇ ಕೊರೆದದ್ದು, ಅಡಿ ತೆಳ್ಳಗೆ, ಶಾಫ್ಟ್ ಹಗುರ.

ಅಷ್ಟು ಹೊತ್ತಿಗೆ ಶ್ಯಾಮಸುಂದರ ಎದ್ದು ನಿಂತಿದ್ದ. ಅವನಿಗೆ ಈ ಆಟ ಗೊತ್ತಿತ್ತು. ದುಬಾರಿಯದೊಂದು, ಅಗ್ಗದ್ದೊಂದು ತೋರಿಸಿ, ಎರಡೂ ಬೇಡವೆನ್ನಿಸಿ, ತನಗೆ ಬೇಕಾದ ನಡುವಿನ ಮಾಲನ್ನು ದಾಟಿಸುವುದು. ಇಪ್ಪತ್ತೆಂಟು ವರ್ಷ ಅವನ ಮೇಜಿನ ಮುಂದೆ ಎಷ್ಟು ಜನ ಆಡಿರಲಿಲ್ಲ ಇದನ್ನು! "ಸರಿ ಉಗ್ರಪ್ಪನೋರೇ, ನಾವು ಬರ್ತೀವಿ" ಎಂದ, ನಗುತ್ತಲೇ. "ಮೂರು ತೋರಿಸಿ ನಡುವಿಂದು ಮಾರೋ ಲೆಕ್ಕ ನನಗೂ ಗೊತ್ತು."

"ಬನ್ನಿ ಸಾರ್, ಅದಕ್ಕೇನು" ಎಂದ ಉಗ್ರಪ್ಪ. ಅವನಿಗೆ ಸಿಟ್ಟು ಬಂದ ಹಾಗೆ ಕಾಣಲಿಲ್ಲ. "ಆ ಹಳೇ ಬ್ಯಾಗು ಒಂದ್ಸಲ ನೋಡ್ತೀನಿ. ದುಡ್ಡೇನೂ ಬೇಡ."

ಜಪಾನಿನವನ ಬ್ಯಾಗಿನಿಂದ ಏಳನೇ ನಂಬರ್ ತೆಗೆದು, ಅವನು ಕಬ್ಬಿಣದ ಮುಖವನ್ನು ನೋಡದೆ ಕೋಲನ್ನು ತಿರುಗಿಸಿ ಹಿಡಿಯ ರಬ್ಬರನ್ನು ಬೆಳಕಿಗೆ ಹಿಡಿದ. ಬೆರಳಿನಿಂದ ಮೇಲಿಂದ ಕೆಳಗೆ ಸವರಿದ. ಬೇರೆ ಐರನ್‌ಗಳನ್ನೂ ಒಂದೊಂದಾಗಿ ತೆಗೆದು ಹಾಗೆಯೇ ಸವರಿದ. ಆಮೇಲೆ ಶ್ಯಾಮಸುಂದರನ ಕೈಗೆ ಒಂದನ್ನು ಕೊಟ್ಟು, "ನೀವೂ ಮುಟ್ಟಿ ನೋಡಿ ಸಾರ್" ಎಂದ.

ಶ್ಯಾಮಸುಂದರ ಮುಟ್ಟಿದ. ಮೇಲಿನ ಎರಡು ಇಂಚಿನ ರಬ್ಬರು ನಿನ್ನೆ ಅಂಗಡಿಯಿಂದ ತಂದ ಹಾಗೆ ತರಿತರಿಯಾಗಿತ್ತು. ಅದರ ಕೆಳಗೆ ಸವೆದು ನುಣ್ಣಗಾಗಿತ್ತು. ರಬ್ಬರು ಮುಗಿದು ಬರೀ ಉಕ್ಕು ಶುರುವಾಗುವ ಕಡೆಯೂ ಬೆರಳು ಉಜ್ಜಿ ಉಜ್ಜಿ ಉಕ್ಕಿಗೇ ಹೊಳಪು ಬಂದಿತ್ತು.

"ಎಲ್ಲಿ ಹಿಡೀತಿದ್ದೆ ಕಣವ್ವ?" ಎಂದು ಉಗ್ರಪ್ಪ ಕೇಳಿದ.

ಗಗನಾ ಅಪ್ಪನ ಮುಖ ನೋಡಿ, "ಕೆಳಗೆ" ಎಂದಳು.

"ಯಾಕೆ?"

"ಉದ್ದ ಇತ್ತು."

"ಅಲ್ಲಮ್ಮಾ, ಐದು ವರ್ಷ! ಹೇಳ್ಬಾರ್ದಿತ್ತಾ?" ಎಂದ ಶ್ಯಾಮಸುಂದರ. "ನೀನು ಎಂಬತ್ನಾಲ್ಕಕ್ಕೆ ಮುಗಿಸ್ತಿದ್ದೆ, ಸರಿ ಇದೆ ಅಂದ್ಕೊಂಡಿದ್ದೆ ನಾನು."

"ಬೆಳೀತೀಯ ಅಂದಿದ್ರು ಅಪ್ಪ. ಬೆಳೆಯೋವರೆಗೂ ಹಿಂಗೇ ಹಿಡಿಯೋಣ ಅಂತ..." ಅವಳು ಉಗ್ರಪ್ಪನ ಕಡೆಗೇ ತಿರುಗಿ ಸಣ್ಣ ಧ್ವನಿಯಲ್ಲಿ ಹೇಳಿದಳು. "ಹೊಸದ್ರಲ್ಲಿ ಪೂರ್ತಿ ಹಿಡೀಬೇಕು ಅಂದ್ರು. ಹಿಡಿದೆ. ಆಗ್ಲಿಂದ ಬರ್ತಾ ಇಲ್ಲ."

ಉಗ್ರಪ್ಪ ಶ್ಯಾಮಸುಂದರನ ಕಡೆ ತಿರುಗಿದ. "ಸಾರ್, ಕಬ್ಬಿಣಾನೇ ಹಿಡ್ಕೊಂಡು, ಅಳತೆಗೆ ಆಗದಿರೋ ಸ್ಟಿಕ್ಕಲ್ಲಿ ಎಂಬತ್ತನಾಲ್ಕು ಹೊಡೆದಿದಾಳೆ ಈ ಹುಡುಗಿ. ನಾನು ಸೋಮವಾರದ ಆಟ ಆಡ್ದೋನು, ಅದೇನು ಕಷ್ಟ ಅಂತ ನಂಗೊತ್ತು. ಇವಳದು ಹೊಸಬರ ಕೈ ಅಲ್ಲ. ಚಾಂಪಿಯನ್ ಕೈನೂ ಅಲ್ಲ, ಇವತ್ತಿಗೆ. ನಡುವಿಂದು. ಅದಕ್ಕೇ ನಡುವಿನ ಸ್ಟಿಕ್ಕು ತೋರ್ಸಿದ್ದು."

ಶ್ಯಾಮಸುಂದರನ ಬಾಯಿಗೆ ಬಂದದ್ದು ಹಳೆಯ ಮಾತೇ. "ಚಿಕ್ಕದು ಮಾಡಿಸಿಬಿಟ್ಟು, ಇನ್ನೆರಡು ವರ್ಷಕ್ಕೆ ಸಾಲದೇ ಹೋದ್ರೆ?"

"ಎಷ್ಟುದ್ದ ಇದೀಯವ್ವ?"

"ಐದಡಿ ಒಂದಿಂಚು" ಎಂದಳು ಗಗನಾ. "ಒಂಬತ್ತನೇ ಕ್ಲಾಸಿಂದ ಅಷ್ಟೇ ಇದೀನಿ."

"ಬೆಳೆದಾಗಿದೆ ಸಾರ್" ಎಂದ ಉಗ್ರಪ್ಪ. "ಇದೇ ಇವಳ ಅಳತೆ."

ಶ್ಯಾಮಸುಂದರ ಮಗಳನ್ನು ನೋಡಿದ. ದಿನಾ ನೋಡುತ್ತಿದ್ದ ಹುಡುಗಿಯೇ. "ಯೋಚನೆ ಮಾಡಿ ಹೇಳ್ತೀನಿ" ಎಂದಷ್ಟೇ ಹೇಳಿ ಎರಡೂ ಬ್ಯಾಗು ಹೊತ್ತುಕೊಂಡು ಕಾರಿನ ಕಡೆ ನಡೆದ. ವಿಜಯನಗರದ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡು ಅಪ್ಪ ಮಗಳು ಮನೆ ಸೇರಿದರು.

ಸಂಜೆ ಸೀತಾಗೆ ಎಲ್ಲವನ್ನೂ ಹೇಳಿದ. ಸೀತಾ ರಾಜಾಜಿನಗರದ ಹೈಸ್ಕೂಲೊಂದರಲ್ಲಿ ಕನ್ನಡ ಟೀಚರ್. ಉತ್ತರಪತ್ರಿಕೆ ತಿದ್ದುತ್ತಿದ್ದವಳು ಪೆನ್ನಿನ ಮುಚ್ಚಳ ಹಾಕಿದಳು.

"ಒಂದು ಕೇಳ್ತೀನಿ, ಹೇಳಿ. ಇವಳು ಹುಟ್ಟಿದಾಗಿಂದ ಅಳತೆಗೆ ಸರಿಯಾಗಿ ಕೂತಿರೋ ಒಂದು ಬಟ್ಟೆ ಹಾಕಿದ್ದು ನೆನಪಿದ್ಯಾ ನಿಮಗೆ? ಯೂನಿಫಾರ್ಮ್ ಹೊಸದಿದ್ದಾಗ ಚೀಲದ ಥರ ಇರ್ತಿತ್ತು. ಸರಿಯಾಗಿ ಕೂರೋ ಹೊತ್ತಿಗೆ ಹರಿದಿರ್ತಿತ್ತು. ಆಮೇಲೆ ಮತ್ತೆ ಚೀಲ. ನೀವೊಬ್ರೇ ಅಂತ ಹೇಳಲ್ಲ, ನಾನೂ ಪಿನ್ ಹಾಕಿ ಕಳಿಸ್ತಿದ್ದೆ."

"ಉಳಿತಾಯ ಅಂತ ಮಾಡಿದ್ದಲ್ಲ ಕಣೇ ನಾನು. ಅವಳು ದೊಡ್ಡದಾಗಿ ಬೆಳೀಬೇಕು ಅಂತ."

"ಗೊತ್ತು ರೀ. ನಂಗೆ ಗೊತ್ತಿಲ್ವಾ? ಆದ್ರೆ ಅವಳಿಗೆ ಏನನ್ಸಿದೆ ಕೇಳಿ. ಸ್ಟಿಕ್ಕು ಸರಿ ಇದೆ, ನಾನೇ ಸಾಲ್ದು ಅನ್ಸಿದೆ."

ಆ ಮಾತು ನೇರವಾಗಿ ನಾಟಿತು. ಒಂದು ಬೋಲ್ಟನ್ನು ಅಂಗೈಯಲ್ಲಿಟ್ಟು ಐದು ಗ್ರಾಂ ಕಮ್ಮಿ ಇದೆ ಎಂದು ಹೇಳುವವನು ಅವನು. ಮಗಳು ಐದು ವರ್ಷ ಕಬ್ಬಿಣವನ್ನೇ ಹಿಡಿದು ಆಡಿದ್ದು ಕಾಣಿಸಿರಲಿಲ್ಲ. ಕಾಣಿಸಿದ ದಿನ ಗದರಿದ್ದ. ಅವನಿಗೆ ತನ್ನ ಮೇಲೆಯೇ ವಿಪರೀತ ಸಿಟ್ಟು ಬಂತು. ಆದರೆ ಶ್ಯಾಮಸುಂದರ ಮೂಲೆಯಲ್ಲಿ ಕೂತು ಮರುಗುವ ಜಾತಿಯವನಲ್ಲ. ಕಾರ್ಖಾನೆಗೆ ತಪ್ಪು ಮಾಲು ಬಂದರೆ ಅವನು ಮಾಡುತ್ತಿದ್ದದ್ದು ಒಂದೇ, ಅದೇ ದಿನ ವಾಪಸು ಕಳಿಸಿ ಸರಿಯಾದದ್ದನ್ನು ತರಿಸುವುದು. ಫೋನ್ ತೆಗೆದು ಉಗ್ರಪ್ಪನಿಗೆ ಹಚ್ಚಿದ. "ಭಾನುವಾರ ಅಂಗಡಿ ತೆಗೀತೀರಾ? ಏಳಕ್ಕೆ ಬರ್ತೀವಿ."

ಬೆಳಿಗ್ಗೆ ಏಳಕ್ಕೆ ಉಗ್ರಪ್ಪ ಇನ್ನೂ ಕಾಫಿ ಕುಡಿಯುತ್ತಿದ್ದ. "ನಡುವಿನದೇ ಕೊಡಿ ಉಗ್ರಪ್ಪನೋರೇ" ಎಂದ ಶ್ಯಾಮಸುಂದರ. "ನನ್ನ ಮೇಜಿನ ಮುಂದೆ ಬಂದೋರನ್ನೆಲ್ಲಾ ಕಳ್ಳರು ಅಂತಾನೇ ನೋಡಿ ಅಭ್ಯಾಸ. ತಪ್ಪು ತಿಳ್ಕೋಬೇಡಿ."

"ನಾನೂ ನಿನ್ನೆ ಮೊದಲು ನಿಮ್ಮ ಮಗಳನ್ನ ಹೊಸಬಳು ಅಂತ ತಿಳ್ಕೊಂಡೆ ಸಾರ್. ಇಬ್ರದೂ ಒಂದೊಂದು ಆಯ್ತು ಬಿಡಿ."

ಹೊಸ ಸಪಾಟು ಬೆನ್ನಿನದನ್ನೇ ಕತ್ತರಿಸಿದರೆ ಆಗದೇ ಎಂದು ಶ್ಯಾಮಸುಂದರ ಒಂದು ಸಲ ಕೇಳಿಯೇ ಕೇಳಿದ. ಆಗದು ಎಂದ ಉಗ್ರಪ್ಪ. ಗಟ್ಟಿ ಶಾಫ್ಟನ್ನು ಕತ್ತರಿಸಿದರೆ ಇನ್ನೂ ಗಟ್ಟಿಯಾಗುತ್ತದೆ, ಹುಡುಗಿಯ ಮಣಿಕಟ್ಟು ಹೋಗುತ್ತದೆ. ಅದನ್ನು ಬೇಕಿದ್ದವರಿಗೆ ತಾನೇ ಕೊಡಿಸುತ್ತೇನೆ ಎಂದ. ಹಾಗೆಯೇ ಕೊಡಿಸಿದ ಕೂಡ. ಸುಂಕದಕಟ್ಟೆಯ ಸುಘೋಷ್ ಎಂಬ ಆರಡಿ ಎತ್ತರದ ಹುಡುಗ, ಆರು ಸಲ ಹೊಡೆದರೆ ಆರೂ ಸಲ ನಡುವಿಗೇ ಬೀಳಿಸುವವನು, ಎರಡೇ ವಾರದಲ್ಲಿ ಒಯ್ದ.

ಗಗನಾಳನ್ನು ನಿಲ್ಲಿಸಿ, ಕೈ ಸಡಿಲ ಬಿಡಿಸಿ, ನೆಲದಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದ ಉಗ್ರಪ್ಪ. ಹಗುರ ಶಾಫ್ಟಿನ ಏಳನೇ ನಂಬರನ್ನು ಹಿಡಿಸಿ, ಬಗ್ಗಿಸಿ, ನೆಟ್ಟಗೆ ಮಾಡಿಸಿ, ಅವಳ ಕೈ ತಾನಾಗಿ ಬಂದು ಕೂತ ಕಡೆ ಪೆನ್ಸಿಲ್ ಗುರುತು ಹಾಕಿದ. ಕೋಲನ್ನು ವೈಸಿಗೆ ಬಿಗಿದು ಗರಗಸ ಎತ್ತಿಕೊಂಡ.

"ಒಂದರ್ಧ ಇಂಚು ಮೇಲಕ್ಕೇ ಕತ್ತರಿಸಿದ್ರೆ..." ಎಂದುಬಿಟ್ಟಿದ್ದ ಶ್ಯಾಮಸುಂದರ. ಮಾತು ಹೊರಬಿದ್ದ ಮೇಲೆ ಗೊತ್ತಾಯಿತು. ರಾತ್ರಿಯೆಲ್ಲಾ ಯೋಚಿಸಿ ಬಂದವನ ನಾಲಿಗೆ ಹೀಗೆ ಕೈಕೊಟ್ಟಿತ್ತು.

ಉಗ್ರಪ್ಪ ಗರಗಸವನ್ನು ಕೆಳಗಿಟ್ಟ. "ಕತ್ತರಿಸಿದ್ರೆ ಆಮೇಲೆ ಅಂಟಿಸೋಕೆ ಬರಲ್ಲ ಸಾರ್. ಆಡೋರು ಯಾರೋ ಅವರೇ ಹೇಳ್ಲಿ."

ಗಗನಾ ಈ ಸಲ ಅಪ್ಪನ ಮುಖ ನೋಡ ಹೋಗಲಿಲ್ಲ. ಉಗ್ರಪ್ಪನ ಕಿವಿಯ ಮೇಲಿದ್ದ ಪೆನ್ಸಿಲನ್ನು ಕೇಳಿ ತೆಗೆದುಕೊಂಡು, ವೈಸಿನ ಹತ್ತಿರ ಬಗ್ಗಿ, ಅದೇ ಗುರುತಿನ ಮೇಲೆ ಇನ್ನೊಂದು ಸಲ ಒತ್ತಿ ಗೆರೆ ಎಳೆದಳು.

"ಇಲ್ಲಿಗೇ ಅಂಕಲ್" ಎಂದಳು. ಆಮೇಲೆ ತಿರುಗಿ, ಅಪ್ಪನಿಗೆ: "ನಾನು ಇನ್ನು ಬೆಳೆಯಲ್ಲ ಅಪ್ಪ. ಟ್ರಯಲ್ ಇರೋದು ಈಗ."

"ಅಂದ್ರೆ, ಹೋಗ್ತೀಯಾ ಟ್ರಯಲ್‌ಗೆ?"

"ಹೋಗ್ತೀನಿ."

"ಕತ್ತರಿಸಿ ಉಗ್ರಪ್ಪನೋರೇ" ಎಂದ ಶ್ಯಾಮಸುಂದರ. "ಅವಳು ಹೇಳಿದ ಕಡೆಗೇ. ಎಲ್ಲಾದನ್ನೂ." ಗರಗಸ ಓಡಿತು. ನಾಲ್ಕು ಗಂಟೆ ಅಲ್ಲೇ ಕೂತು ಪಟಾಲಮ್ಮ ಕೊಟ್ಟ ಎರಡು ಲೋಟ ಕಾಫಿ ಕುಡಿದು, ಇಡೀ ಸೆಟ್ಟು ಮುಗಿಸಿಕೊಂಡೇ ಎದ್ದರು.

ಹೊಸ ಕೋಲು ಕೈಗೆ ಬಂದ ಮರುದಿನವೇ ಪವಾಡವೇನೂ ನಡೆಯಲಿಲ್ಲ. ಐದು ವರ್ಷ ಕೆಳಗೆ ಹಿಡಿದು ಅಭ್ಯಾಸವಾದ ಕೈ ತಾನಾಗಿ ಕೆಳಗೆ ಜಾರುತ್ತಿತ್ತು. ಗಗನಾ ಅದನ್ನು ಮತ್ತೆ ಮತ್ತೆ ಮೇಲಕ್ಕೆ ತರುತ್ತಿದ್ದಳು. ಮೊದಲ ವಾರ ಎಂಬತ್ತೆಂಟು. ಎರಡನೇ ವಾರ ಎಂಬತ್ತೈದು. ಮೂರನೇ ವಾರದ ಹೊತ್ತಿಗೆ ಮಣಿಕಟ್ಟಿನ ಬ್ಯಾಂಡೇಜು ಹೋಯಿತು, ಎಂಬತ್ತೆರಡು ಬಂತು, ಊಟದ ಮೇಜಿನಲ್ಲಿ ಯಾರೂ ಕೇಳದಿದ್ದರೂ ಯಾವ ಹೋಲಿನಲ್ಲಿ ಚೆಂಡು ಹೇಗೆ ಬಗ್ಗಿತು ಎಂದು ಕೈಬೀಸಿ ಹೇಳುತ್ತಾ ಸಾರಿನ ಲೋಟ ಉರುಳಿಸಿದಳು. ಸೀತಾ ಬೈಯಲಿಲ್ಲ, ಬಟ್ಟೆ ತಂದು ಒರೆಸಿದಳು.

ಆಯ್ಕೆ ನಡೆದದ್ದು ದೇವನಹಳ್ಳಿ ಕಡೆಯ ಮೈದಾನವೊಂದರಲ್ಲಿ, ಎರಡು ದಿನ. ಬಂದಿದ್ದ ಮೂವತ್ತೊಂದು ಹುಡುಗಿಯರಲ್ಲಿ ಬಹಳಷ್ಟು ಜನ ಕಾರಿನಿಂದ ಇಳಿಯುವಾಗಲೇ ಗೆದ್ದವರ ಹಾಗಿದ್ದರು. ಅಪ್ಪ ಅಮ್ಮಂದಿರು ಹಗ್ಗದ ಆಚೆ ನಿಲ್ಲಬೇಕು, ಮಾತಾಡಬಾರದು. ಮಾತಾಡದೆ ಎರಡು ದಿನ ನಿಲ್ಲುವುದು ಶ್ಯಾಮಸುಂದರನಿಗೆ ಹುಟ್ಟಿದಾಗಿನಿಂದ ಅಭ್ಯಾಸವಿರಲಿಲ್ಲ, ಬೆವರಿ ಹೋದ. ಮೊದಲ ದಿನ ಗಗನಾ ಎಂಬತ್ತೊಂದು. ಎರಡನೇ ದಿನ ಕೆರೆಯ ಪಕ್ಕದ ಹೋಲಿನಲ್ಲಿ ಚೆಂಡನ್ನು ನೀರಿಗೆ ಹಾಕಿದಳು. ಶ್ಯಾಮಸುಂದರ ಕಣ್ಣು ಮುಚ್ಚಿಕೊಂಡ. ತೆರೆದಾಗ ಅವಳು ಇನ್ನೊಂದು ಚೆಂಡು ಇಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ನೀರನ್ನು ತಿರುಗಿಯೂ ನೋಡದೆ ನಿಂತಿದ್ದಳು. ಆ ದಿನ ಎಪ್ಪತ್ತೊಂಬತ್ತಕ್ಕೆ ಮುಗಿಸಿದಳು.

ಮೂರು ಗಂಟೆಗೆ ಪಟ್ಟಿ ಅಂಟಿಸಿದರು. ಗಗನಾ ಜನರ ನಡುವೆ ತೂರಿ ಹೋಗಿ, ನೋಡಿಕೊಂಡು ಬಂದಳು.

"ಏಳನೇದು" ಎಂದಳು. ಎಂದವಳು ಅಪ್ಪನ ಮುಖವನ್ನೇ ನೋಡುತ್ತಾ ನಿಂತಳು.

ಆ ನೋಟ ಅವನಿಗೆ ಗೊತ್ತಿತ್ತು. ಒಂದನೇ ಕ್ಲಾಸಿನಿಂದ ಪ್ರತಿ ಮಾರ್ಕ್ಸ್ ಕಾರ್ಡನ್ನೂ ಅವಳು ಹೀಗೆ ಕೈಗೆ ಕೊಟ್ಟು ಹೀಗೆಯೇ ನಿಂತಿದ್ದಳು. ಎಂಬತ್ತೆಂಟು ಬಂದರೆ ಅವನು "ಗುಡ್, ಮುಂದಿನ ಸಲ ತೊಂಬತ್ತೈದು" ಎನ್ನುತ್ತಿದ್ದ. ತೊಂಬತ್ತೈದು ಬಂದರೆ ಉಳಿದ ಐದನ್ನು ಕೇಳುತ್ತಿದ್ದ. ಪ್ರೀತಿಯಿಂದಲೇ ಕೇಳುತ್ತಿದ್ದ. ಅವಳು ಈಗ ಆ ಮಾತಿಗಾಗಿ ಕಾಯುತ್ತಿದ್ದಾಳೆ. ಮಾತು ಅವನ ನಾಲಿಗೆಯ ತುದಿಗೆ ಬಂದು ಕೂತೂ ಇತ್ತು: ಮುಂದಿನ ವರ್ಷ ಮೊದಲನೇದು. ಶ್ಯಾಮಸುಂದರ ಅದನ್ನು ಕಚ್ಚಿ ಹಿಡಿದ. ತನ್ನ ಬದುಕಿನಲ್ಲಿ ಅವನು ವಾಪಸು ಕಳಿಸಿದ ಮಾಲುಗಳಲ್ಲೆಲ್ಲಾ ಅತ್ಯಂತ ಕಷ್ಟದ್ದು ಅದೇ ಇರಬೇಕು.

"ಏಳನೇದಾ!" ಎಂದು ಕೂಗಿದ. "ಸೀತಾ, ಕೇಳಿಸ್ತಾ? ಏಳನೇದು ಕಣೇ! ನಮ್ಮ ಹುಡುಗಿ ಏಳನೇದು!"

ಸುತ್ತಲಿದ್ದವರೆಲ್ಲಾ ತಿರುಗಿ ನೋಡಿದರು. ಮೊದಲನೆಯದಾಗಿ ಬಂದ ಹುಡುಗಿಯ ಅಪ್ಪನಂತೂ ತಾನೇನಾದರೂ ಪಟ್ಟಿಯನ್ನು ತಲೆಕೆಳಗಾಗಿ ಓದಿದೆನೇ ಎಂಬಂತೆ ನೋಡಿದ. ಗಗನಾ ಇನ್ನೂ ಅಪ್ಪನನ್ನೇ ನೋಡುತ್ತಿದ್ದಳು.

"ಆಮೇಲೆ?" ಎಂದಳು.

"ಆಮೇಲೇನು?"

"ಇನ್ನೇನೂ ಹೇಳಲ್ವಾ?"

"ಇನ್ನೇನೂ ಇಲ್ಲ ಪುಟ್ಟಿ. ನೀನು ಗೆದ್ದಿದೀಯ, ಅಷ್ಟೇ. ನನಗೆ ಭಾರಿ ಖುಷಿಯಾಗಿದೆ."

ಗಗನಾ ಒಂದು ಹೆಜ್ಜೆ ಮುಂದೆ ಬಂದು, ಹಣೆಯನ್ನು ಅಪ್ಪನ ಎದೆಗೆ ಒತ್ತಿ, ಅಷ್ಟು ಜನರ ಮುಂದೆ ಜೋರಾಗಿ ಅತ್ತುಬಿಟ್ಟಳು. ಶ್ಯಾಮಸುಂದರ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತ. ಸೀತಾ ಪಕ್ಕಕ್ಕೆ ಬಂದು ನಿಂತಳು. ಹೊರಡುವ ಆತುರ ಮೂವರಲ್ಲಿ ಯಾರಿಗೂ ಇರಲಿಲ್ಲ.